ರಾಂಜಣಗಾವ್‌ನ ಚೇಳು, ಚಾಕಣ್‌ನ ಪೋಲೋ: ಇರೋದು ಒಂದೇ ಪಾರ್ಕಿಂಗ್

ಪುಣೆಯ ನಮ್ಮ ಸೊಸೈಟಿಯಲ್ಲಿ ನನಗಿರುವುದು ಒಂದೇ ಪಾರ್ಕಿಂಗ್ ಜಾಗ. ಹನ್ನೊಂದು ವರ್ಷ ಅಲ್ಲಿ ವ್ಯಾಗನ್ಆರ್ ನಿಂತಿತ್ತು. ಅದನ್ನು ಧಾರವಾಡದಲ್ಲಿರುವ ತಂಗಿಗೆ ಕೊಟ್ಟ ಮೇಲೆ ಜಾಗ ಖಾಲಿಯಾಯಿತು, ನನ್ನ ತಲೆ ಕೆಟ್ಟಿತು. ಕೈಯಲ್ಲಿ ಆರು ಲಕ್ಷ. ಆ ದುಡ್ಡಿಗೆ ಹೊಸ ಸಣ್ಣ ಕಾರು ಬರುತ್ತದೆ, ಆದರೆ ಘಾಟಿನಲ್ಲಿ ಗೇರ್ ಹಾಕುವಾಗ ಒಂದು ಖುಷಿ ಇರುತ್ತದಲ್ಲ, ಅದು ಬರುವುದಿಲ್ಲ. ನನಗೀಗ ನಲವತ್ತೆರಡು. ಇನ್ನೂ ತಡ ಮಾಡಿದರೆ ಸೊಂಟ ಒಪ್ಪುವುದಿಲ್ಲ.

ಸುಮ್ನೆ ಹುಡುಕುತ್ತಾ ಹೋದೆ. ಕೊನೆಗೆ ಉಳಿದದ್ದು ಎರಡು: 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್ಐ, 2016ರ ಅಬಾರ್ತ್ ಪುಂಟೋ, ಅಂದರೆ ಫಿಯೆಟ್ ಪುಂಟೋದ ಜೋರು ಅವತಾರ, ಚೇಳಿನ ಗುರುತಿನದು. ತಮಾಷೆ ಏನೆಂದರೆ ಎರಡೂ ನಮ್ಮೂರ ಸುತ್ತಲೇ ಹುಟ್ಟಿದವು. ಪೋಲೋ ಚಾಕಣ್‌ನದು. ಪುಂಟೋ ಅಹಮದ್‌ನಗರ ರಸ್ತೆಯ ರಾಂಜಣಗಾವ್‌ನದು, ಫಿಯೆಟ್ ಮತ್ತು ಟಾಟಾ ಪಾಲುದಾರಿಕೆಯ ಕಾರ್ಖಾನೆಯದು. ಒಂದಕ್ಕೆ ಜರ್ಮನಿಯ ಹೆಸರು, ಇನ್ನೊಂದಕ್ಕೆ ಇಟಲಿಯ ಹೆಸರು, ಎರಡಕ್ಕೂ ಪುಣೆಯ ಮಣ್ಣು.

ಕಾಗದದ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಪೋಲೋದು 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಶಕ್ತಿ, 175 ಎನ್ಎಂ ಎಳೆತ, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. 2013ರಲ್ಲಿ ಬಂತು. ಅಬಾರ್ತ್‌ನದು ಟಿ-ಜೆಟ್ ಎಂಬ 1.4 ಲೀಟರ್ ಟರ್ಬೊ ಪೆಟ್ರೋಲ್, 145 ಬಿಎಚ್‌ಪಿ ಶಕ್ತಿ, 212 ಎನ್ಎಂ ಎಳೆತ, ಐದು ಗೇರಿನ ಮ್ಯಾನ್ಯುವಲ್. 2015ರ ಅಕ್ಟೋಬರ್‌ನಲ್ಲಿ ಬಂದಾಗ ದಿಲ್ಲಿ ಎಕ್ಸ್-ಶೋರೂಂ ಬೆಲೆ 9.95 ಲಕ್ಷ. ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ ಕಂಪನಿ ಹೇಳಿದ ಸಮಯ ಪೋಲೋಗೆ 9.7 ಸೆಕೆಂಡು, ಅಬಾರ್ತ್‌ಗೆ 8.8. ಈ ಒಂದು ಸೆಕೆಂಡಿನ ಮೇಲೆ ಎಷ್ಟು ಜಗಳ ನಡೆಯುತ್ತದೆಂದರೆ, ಪುಣೆಯ ಟ್ರಾಫಿಕ್ಕಿನಲ್ಲಿ ಅದನ್ನು ಬಳಸುವ ಜಾಗ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಪೋಲೋ ನನ್ನ ಸಹೋದ್ಯೋಗಿಯದು. ಕೆಲಸದ ಮೇಲೆ ಹೊರದೇಶಕ್ಕೆ ಹೊರಟಿದ್ದ. 68 ಸಾವಿರ ಕಿಲೋಮೀಟರ್ ಓಡಿತ್ತು, ಕೇಳಿದ್ದು ನಾಲ್ಕೂವರೆ ಲಕ್ಷ. "ಶುಕ್ರವಾರ ತಗೊಂಡು ಹೋಗು, ಸೋಮವಾರ ಕೊಡು" ಎಂದ. ಇಂಥ ಮಾರುವವರು ಜೀವನದಲ್ಲಿ ಒಮ್ಮೆ ಸಿಗುತ್ತಾರೆ. ನಾನೂ ಹೆಂಡತಿಯೂ ಧಾರವಾಡಕ್ಕೇ ಹೊರಟೆವು.

ಬೆಳಗ್ಗೆ ಐದಕ್ಕೆ ಕಾತ್ರಜ್ ಸುರಂಗ ದಾಟಿದೆವು. ಖಂಬಾಟ್ಕಿ ಘಾಟಿನ ಏರಿನಲ್ಲಿ ಆ ಗೇರ್‌ಬಾಕ್ಸ್ ಏನೆಂದು ಗೊತ್ತಾಯಿತು. ಆಗ ಪುಣೆಯಿಂದ ಹೋಗುವವರು ಘಾಟಿ ಹತ್ತಬೇಕಿತ್ತು, ಬರುವವರಿಗೆ ಮಾತ್ರ ಸುರಂಗ ಇತ್ತು. ಸಕ್ಕರೆ ಕಾರ್ಖಾನೆಯ ಲಾರಿಗಳ ಹಿಂದೆ ಸಿಕ್ಕಿಕೊಂಡು, ಸಂದು ಸಿಕ್ಕಾಗ ಕಾಲು ಒತ್ತಿದರೆ ಸಾಕು. ಎರಡು ಗೇರ್ ಕೆಳಗಿಳಿದು, ಜಗ್ಗಾಟ ಇಲ್ಲದೆ, ಲಾರಿ ಹಿಂದೆ ಉಳಿದಿರುತ್ತದೆ. 1500 ಆರ್‌ಪಿಎಂನಿಂದಲೇ, ಅಂದರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗಲೇ, ಪೂರ್ತಿ ಎಳೆತ ಸಿಗುವುದರಿಂದ ಟರ್ಬೊ ಇದೆ ಎನ್ನುವುದೇ ಮರೆತುಹೋಗುತ್ತದೆ. ಕರಾಡ್ ದಾಟುವ ಹೊತ್ತಿಗೆ ಹೆಂಡತಿಗೆ ನಿದ್ದೆ. ಗಂಡ ಓಡಿಸುವಾಗ ಅವಳು ನಿದ್ದೆ ಮಾಡಿದ್ದು ಅದೇ ಮೊದಲು. ಕಾರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಸರ್ಟಿಫಿಕೇಟಿನ ಮಾತು ಬಂತು. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಭಾರತದ ಪೋಲೋವನ್ನು ಗೋಡೆಗೆ ಗುದ್ದಿಸಿ ನೋಡಿತ್ತು. ಏರ್‌ಬ್ಯಾಗ್ ಇಲ್ಲದ್ದಕ್ಕೆ ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು. ಜಿಟಿ ಟಿಎಸ್ಐನಲ್ಲಿ ಏರ್‌ಬ್ಯಾಗ್ ಜತೆ ಇಎಸ್‌ಪಿ, ಅಂದರೆ ಕಾರು ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ, ಕೂಡ ಇದೆ. ಕೊಲ್ಲಾಪುರದ ಹತ್ತಿರ ಮಳೆಯಲ್ಲಿ ಒಮ್ಮೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣಕ್ ಎಂದಿತು. ಕಾರು ತಾನೇ ಸರಿ ಮಾಡಿಕೊಂಡಿತು. ನಾನು ಹೆಂಡತಿಗೆ ಹೇಳಲಿಲ್ಲ.

ಹೋಗಿ ಬಂದ ಲೆಕ್ಕ, ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸಿದ್ದು: ಲೀಟರಿಗೆ 15.4 ಕಿಲೋಮೀಟರ್. ಸೋಮವಾರ ಐಟಿ ಕಂಪನಿಗಳ, ಟ್ರಾಫಿಕ್ ಜಾಮಿನ ಹಿಂಜವಡಿಗೆ ಹೋಗಿ ಬಂದೆ, ಆ ದಿನದ್ದು ಹತ್ತರ ಆಸುಪಾಸು.

ಹಿಂಜವಡಿಯ ಆ ಒಂದು ದಿನವೇ ನನಗೆ ಯೋಚನೆ ಹಚ್ಚಿದ್ದು. ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು, ಮೂರು, ಐದು, ಏಳು ಒಂದರ ಕೈಯಲ್ಲಿ, ಎರಡು, ನಾಲ್ಕು, ಆರು ಇನ್ನೊಂದರ ಕೈಯಲ್ಲಿ. ಒಂದು ಕೆಲಸ ಮಾಡುತ್ತಿರುವಾಗ ಇನ್ನೊಂದು ಮುಂದಿನ ಗೇರ್ ಹಿಡಿದು ಕಾಯುತ್ತದೆ. ಅದಕ್ಕೇ ಅಷ್ಟು ಚುರುಕು. ಆದರೆ ಈ ಏಳು ಗೇರಿನದು ಒಣ ಕ್ಲಚ್, ತಂಪು ಮಾಡಲು ಸುತ್ತ ಎಣ್ಣೆ ಇಲ್ಲ. ಜಾಮಿನಲ್ಲಿ ಬ್ರೇಕ್ ಸ್ವಲ್ಪ ಸಡಿಲಿಸಿ ತೆವಳುತ್ತಾ ಹೋದಷ್ಟೂ ಅದು ಜಾರುತ್ತಾ ಬಿಸಿಯಾಗುತ್ತದೆ. 2013ರಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಕರೆದು, ಈ ಗೇರ್‌ಬಾಕ್ಸಿನ (ಕ್ಲಚ್ ಒಣವಾದರೂ ಗೇರುಗಳಿಗೆ ಎಣ್ಣೆ ಬೇಕು) ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಕೊಟ್ಟಿತ್ತು. ಬಿಸಿ ಊರು, ನಿಂತು ನಿಂತು ಹೋಗುವ ಟ್ರಾಫಿಕ್ಕು, ಇವೇ ಅದಕ್ಕೆ ಆಗದವು. ಬಿಸಿ ಊರು, ನಿಂತು ನಿಂತು ಹೋಗುವ ಟ್ರಾಫಿಕ್ಕು. ನಾನು ಇರುವುದು ಎಲ್ಲಿ ಹಾಗಾದರೆ?

ಈ ಕಾರು ಓಡಿಸುವವರಿಗೆ ಒಂದು ಮಾತು. ಮುಂದಿನ ಗಾಡಿಗೆ ಅಂಟಿಕೊಂಡು ತೆವಳಬೇಡಿ. ಪೂರ್ತಿ ನಿಲ್ಲಿಸಿ, ಎರಡು ಕಾರಿನಷ್ಟು ಜಾಗ ಆದ ಮೇಲೆ ಹೊರಡಿ. ಪುಣೆಯಲ್ಲಿ ಆ ಜಾಗದಲ್ಲಿ ನಾಲ್ಕು ಸ್ಕೂಟರ್ ಬಂದು ನಿಲ್ಲುತ್ತವೆ, ಅದು ಬೇರೆ ಮಾತು.

ಅಬಾರ್ತ್ ಹುಡುಕುವುದು ಇನ್ನೊಂದು ಕಥೆ. ಮೊದಲು ಒಬ್ಬ ದಲ್ಲಾಳಿಯ ಹತ್ತಿರ ನೋಡಿದೆ. ಮೀಟರಿನಲ್ಲಿ 38 ಸಾವಿರ. ಹಳೆಯ ಸರ್ವಿಸ್ ಬಿಲ್ಲಿನಲ್ಲಿ 71 ಸಾವಿರ. ಕೇಳಿದರೆ "ಮೀಟರ್ ಬದಲಾಯಿಸಿದ್ದೇವೆ ಸಾಹೇಬ್" ಎಂದ. ಚಹಾ ಕುಡಿಸಿದ, ಚಹಾ ಮಾತ್ರ ಚೆನ್ನಾಗಿತ್ತು. ಇನ್ನೊಂದು ಕಡೆ ಮಾಮೂಲಿ ಪುಂಟೋಗೆ ಚೇಳಿನ ಸ್ಟಿಕ್ಕರ್ ಅಂಟಿಸಿ ಅಬಾರ್ತ್ ಎಂದು ನಿಲ್ಲಿಸಿದ್ದರು. ಆರ್‌ಸಿಯಲ್ಲಿ ಸಿಸಿ ನೋಡಿ ನಂಬಬೇಡಿ. ಟರ್ಬೊ ಇಲ್ಲದ ಸಾದಾ 1.4 ಫೈರ್ ಎಂಜಿನ್ನೂ 1368 ಸಿಸಿ, ಟಿ-ಜೆಟ್ ಕೂಡ 1368 ಸಿಸಿ. ಮಾಡೆಲ್ ಹೆಸರು ಓದಿ, ಬಾನೆಟ್ ಎತ್ತಿ ಟರ್ಬೊ ಕಣ್ಣಾರೆ ನೋಡಿ.

ಮೂರನೆಯದು ಸಿಕ್ಕಿದ್ದು ಇಡ್ಲಿ ತಿನ್ನುವಾಗ. ಫರ್ಗ್ಯುಸನ್ ರಸ್ತೆಯಲ್ಲಿ ನಿಲ್ಲಿಸಿದ್ದ ಬಿಳಿ ಅಬಾರ್ತ್ ನೋಡುತ್ತಾ ನಿಂತಿದ್ದೆ. ಹಿಂದಿನಿಂದ "ಎಂತ ಮಾರಾಯ್ರೆ, ಇಷ್ಟ ಆಯ್ತಾ?" ಎಂದು ಕೇಳಿಸಿತು. ಉಡುಪಿ ಕಡೆಯ ಹುಡುಗ, ಮನೆಯವರದು ಇಲ್ಲೇ ಹೋಟೆಲ್ ವ್ಯಾಪಾರ. ಮಗು ಹುಟ್ಟಿತ್ತು, ದೊಡ್ಡ ಗಾಡಿ ಬೇಕಿತ್ತು. 52 ಸಾವಿರ ಕಿಲೋಮೀಟರ್. ಆರು ಕೇಳಿದ.

ಅವನು ಕಾರು ಕೊಟ್ಟದ್ದು ಒಂದು ಭಾನುವಾರ, ತಾನೂ ಪಕ್ಕದಲ್ಲಿ ಕೂತು. ಬೋಪದೇವ್ ಘಾಟ್ ಹತ್ತಿ ಸಾಸವಡ್, ಅಲ್ಲಿಂದ ದಿವೆ ಘಾಟ್ ಇಳಿದು ಹಡಪ್ಸರ್. ಹಿಂದೆ ನನ್ನ ಹೆಂಡತಿ.

ಎರಡು ಸಾವಿರ ಆರ್‌ಪಿಎಂ ತನಕ ಇದು ಸೋಮಾರಿ. ಯಾಕಾದರೂ ಬಂದೆನೋ ಅನಿಸುತ್ತದೆ. ಆಮೇಲೆ ಯಾರೋ ಬೆನ್ನಿಗೆ ಕೈ ಇಟ್ಟು ನೂಕಿದ ಹಾಗೆ. ಪೋಲೋ ವೇಗ ಹೆಚ್ಚಿಸಿದ್ದು ಮೀಟರ್ ನೋಡಿದರೆ ತಿಳಿಯುತ್ತದೆ, ಇದರದ್ದು ಹೊಟ್ಟೆಗೆ ತಿಳಿಯುತ್ತದೆ. ಬೋಪದೇವ್‌ನ ತಿರುವುಗಳಲ್ಲಿ ಸ್ಟೀರಿಂಗ್ ಭಾರ. ಇದು ಹೈಡ್ರಾಲಿಕ್, ಮುಂದಿನ ಚಕ್ರ ಜಲ್ಲಿ ಮೇಲಿದೆಯೋ ಟಾರಿನ ಮೇಲಿದೆಯೋ ಅಂಗೈಗೆ ಗೊತ್ತಾಗುತ್ತದೆ. ಪೋಲೋದ ಸ್ಟೀರಿಂಗ್ ಬೆಣ್ಣೆ. ಬೆಣ್ಣೆ ಒಳ್ಳೆಯದೇ, ಆದರೆ ಅದು ಏನನ್ನೂ ಹೇಳುವುದಿಲ್ಲ. ಅಬಾರ್ತ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಪೋಲೋಗೆ ಹಿಂದೆ ಡ್ರಮ್ಮು. ದಿವೆ ಘಾಟಿನ ಇಳಿಜಾರಿನಲ್ಲಿ, ಕೆಳಗೆ ಮಸ್ತಾನಿ ಕೆರೆ ಕಾಣುತ್ತಿರುವಾಗ, ಆ ವ್ಯತ್ಯಾಸ ಕಾಲಿಗೆ ಸಿಕ್ಕಿತು.

ಇನ್ನು ಬೈಗುಳ. ಸ್ಪ್ರಿಂಗ್ ಗಟ್ಟಿ, ನೆಲದಿಂದ ಎತ್ತರ ಬರೀ 155 ಮಿಲಿಮೀಟರ್. ಸಾಸವಡ್‌ನ ಒಂದು ಹಂಪಿನಲ್ಲಿ ಹೊಟ್ಟೆ ತಾಗಿತು. "ಇದು ಗಾಡಿನೋ, ಎತ್ತಿನ ಬಂಡಿನೋ? ಕಲ್ಲು ಕಲ್ಲು ಎಣಿಸಾಕತ್ತೈತಿ ನೋಡ್ರಿ" ಎಂದು ಹಿಂದಿನಿಂದ ಬಂತು. ನಿದ್ದೆಯ ಮಾತೇ ಇಲ್ಲ. ಕ್ಲಚ್ ಭಾರ, ಎಡಗಾಲಿಗೆ ವಿಶ್ರಾಂತಿಗೆ ಜಾಗ ಸಾಲದು. ಲೀಟರಿಗೆ ಆ ದಿನ 9.8, ಅದೂ ಹುಡುಗ "ಮೆಲ್ಲ, ಮೆಲ್ಲ" ಎನ್ನುತ್ತಿದ್ದರೂ. ಹಿಂದಿನ ಸೀಟಿನ ಜಾಗದಲ್ಲಿ ಎರಡೂ ಕಾರು ಒಂದೇ ತಾಯಿಯ ಮಕ್ಕಳು, ಇಕ್ಕಟ್ಟು.

ಎಲ್ಲಕ್ಕಿಂತ ದೊಡ್ಡ ತೊಂದರೆ ಎಲ್ಲರಿಗೂ ಗೊತ್ತಿರುವುದೇ: ಫಿಯೆಟ್ 2019ಕ್ಕೆ ಇಲ್ಲಿ ಅಂಗಡಿ ಮುಚ್ಚಿತು. ರಾಂಜಣಗಾವ್‌ನ ಅದೇ ಕಾರ್ಖಾನೆಯಿಂದ ಈಗ ಜೀಪ್ ಹೊರಬರುತ್ತದೆ, ಪುಂಟೋ ಇಲ್ಲ. ಪೋಲೋ ಕೂಡ 2022ರಲ್ಲಿ ನಿಂತಿತು. ಆದರೆ ಆ ಹೊತ್ತಿಗೆ ಬೀದಿಗೊಂದು ಪೋಲೋ ಇದ್ದುದರಿಂದ ಬಿಡಿಭಾಗಕ್ಕೆ ಕೊರತೆ ಇಲ್ಲ.

ಎರಡನ್ನೂ ಭೋಸರಿಯ ಒಬ್ಬ ಹಳೆಯ ಮೆಕ್ಯಾನಿಕ್‌ಗೆ ತೋರಿಸಿದೆ. ಕಾರಿಗೆ ಎರಡು ಸಾವಿರ ತೆಗೆದುಕೊಳ್ಳುತ್ತಾನೆ, ಒಂದೂವರೆ ಗಂಟೆ ನೋಡುತ್ತಾನೆ. ಪೋಲೋಗೆ ಲ್ಯಾಪ್‌ಟಾಪ್ ಜೋಡಿಸಿದ, ಫಾಲ್ಟ್ ಕೋಡ್ ಒಂದೂ ಇಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಹತ್ತು ಸಲ ನಿಧಾನ ಓಡಿಸಿದ, ನಡುಕ ಇಲ್ಲ. ಕೊನೆಗೆ ಅಂದ: "ಇವತ್ತು ಚೆನ್ನಾಗಿದೆ ಸಾಹೇಬ. ನಾಳೆಗೆ ನಾನು ಬರೆದು ಕೊಡಲಾರೆ." ಗೇರ್ ಬದಲಿಸುವ ಮೆಕಾಟ್ರಾನಿಕ್ಸ್ ಎನ್ನುವ ಘಟಕ ಹೋದರೆ ಖರ್ಚು ಲಕ್ಷ ದಾಟುತ್ತದೆ, ಅದು ಹೋಗುವ ಮೊದಲು ಹೇಳಿ ಹೋಗುವುದಿಲ್ಲ.

ಅಬಾರ್ತ್ ಕೆಳಗೆ ಮಲಗಿದವನು ಎದ್ದು ದೊಡ್ಡ ಪಟ್ಟಿಯನ್ನೇ ಕೊಟ್ಟ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲ, ಆದ್ದರಿಂದ ಮೊದಲು ಅದು, ಜತೆಗೆ ವಾಟರ್ ಪಂಪ್. ಮುಂದಿನ ಲೋವರ್ ಆರ್ಮ್ ಬುಷ್ ಸತ್ತಿವೆ. ಎಂಜಿನ್ ಮೌಂಟ್ ಒಂದು ಹೋಗಿದೆ. ಹಿಂದಿನ ಬ್ರೇಕ್ ಪ್ಯಾಡ್ ಮುಗಿಯುತ್ತಾ ಬಂದಿದೆ. ಟರ್ಬೊ ಪೈಪಿನಲ್ಲಿ ಎಣ್ಣೆಯ ಪಸೆ ಇದೆ, ಜಾಸ್ತಿ ಏನಲ್ಲ. "ಬಾಡಿ ಪಾರ್ಟ್ ಒಡೆದುಕೊಳ್ಳಬೇಡಿ, ಬಂಪರ್‌ಗೆ ಕಾಯಬೇಕು. ಎಂಜಿನ್ ಸಾಮಾನು ಫಿಯೆಟ್‌ನದೇ ಇನ್ನೊಂದು ಕಾರು ಲಿನಿಯಾ ಟಿ-ಜೆಟ್‌ನದು ಬಹಳಷ್ಟು ಆಗುತ್ತದೆ."

ಎರಡು ರಾತ್ರಿ ಆ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಪೋಲೋಗೆ ರೋಗವೇ ಕಾಣಲಿಲ್ಲ, ಹೆದರಿಕೆ ಉಳಿಯಿತು. ಅಬಾರ್ತ್‌ಗೆ ರೋಗಗಳ ಸಾಲೇ ಇತ್ತು, ಆದರೆ ಪ್ರತಿಯೊಂದರ ಎದುರಿಗೂ ಒಂದು ಮೊತ್ತ ಬರೆಯಬಹುದಿತ್ತು. ಒಟ್ಟು 62 ಸಾವಿರ. ಆ ಪಟ್ಟಿ ಹಿಡಿದು ಉಡುಪಿ ಹುಡುಗನ ಮುಂದೆ ಕೂತೆ, ಐದು ಲಕ್ಷದ ನಲವತ್ತು ಸಾವಿರಕ್ಕೆ ಮುಗಿಯಿತು. ಇನ್ನೂ ಒಂದು ಮಾತು ಅವನ ಪರವಾಗಿತ್ತು. ಅಬಾರ್ತ್ ಇರುವವರು ಕಡಿಮೆ. ಸಣ್ಣ ಊರಿನ ಹಾಗೆ, ಯಾರ ಕಾರು ಎಲ್ಲಿ ಗುದ್ದಿತು, ಯಾರು ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದರು ಎನ್ನುವುದು ಎಲ್ಲರಿಗೂ ಗೊತ್ತು. ಮೂರು ಫೋನಿನಲ್ಲಿ ಈ ಕಾರಿನ ಜಾತಕ ಸಿಕ್ಕಿತು. ಪೋಲೋಗಳ ಸಂತೆಯಲ್ಲಿ ಅದು ಆಗುವುದಿಲ್ಲ.

ದಿನಾ ಹಿಂಜವಡಿಗೆ ಕಾರಿನಲ್ಲೇ ಹೋಗುವವರಿಗೆ, ಮನೆಯಲ್ಲಿ ಇಬ್ಬರು ಓಡಿಸುವವರಿಗೆ ಅಬಾರ್ತ್ ತಗೊಳ್ಳಿ ಎಂದು ನಾನು ಹೇಳಲಾರೆ. ನಾನು ಚಿಂಚವಾಡಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುತ್ತೇನೆ, ಕಾರು ಶನಿವಾರ ಭಾನುವಾರಕ್ಕೆ. ಅದಕ್ಕೇ ಇದು ನಡೆಯುತ್ತದೆ. ಹೆಂಡತಿ ಪೋಲೋ ಪರ ಇದ್ದಳು, ಈಗಲೂ ಇದ್ದಾಳೆ.

ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30 ಸಹಿ ಆಯಿತು. ಇನ್ಶೂರೆನ್ಸ್ ಹೆಸರು ಹದಿನಾಲ್ಕು ದಿನದೊಳಗೆ ಬದಲಾಯಿಸಿಕೊಂಡೆ. ನೆನಪಿಡಿ, ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಅವನ ಜತೆಗೇ ಹೋಗುತ್ತದೆ, ಕಾರಿನ ಜತೆ ಬರುವುದಿಲ್ಲ. ಬೆಲ್ಟು, ಪಂಪು, ಬುಷ್ಷು ಎಲ್ಲ ಹದಿನೈದು ದಿನದಲ್ಲಿ ಬಂದವು. ಎಂಜಿನ್ ಮೌಂಟ್‌ಗೆ ಮಾತ್ರ ಏಳು ವಾರ.

ದಸರೆಗೆ ಅವ್ವನನ್ನು ಪುಣೆಗೆ ಕರೆತರಲು ಧಾರವಾಡಕ್ಕೆ ಹೋದೆವು. ಅವ್ವ ಬಾಗಿಲಲ್ಲಿ ನಿಂತು ಬಾನೆಟ್ ಮೇಲಿನ ಗುರುತು ನೋಡಿದಳು. "ಚೇಳಿನ ಚಿತ್ರ ಇರೋ ಗಾಡಿ ಯಾರರ ತಗೋತಾರೇನೋ?" ವಿಯೆನ್ನಾದಲ್ಲಿ 1908ರ ನವೆಂಬರ್‌ನಲ್ಲಿ ಹುಟ್ಟಿದ ಕಾರ್ಲೋ ಅಬಾರ್ತ್ ಎಂಬುವನದು ವೃಶ್ಚಿಕ ರಾಶಿ, 1949ರಲ್ಲಿ ಕಂಪನಿ ಶುರು ಮಾಡಿದಾಗ ಅದನ್ನೇ ಗುರುತು ಮಾಡಿಕೊಂಡ ಎಂದು ವಿವರಿಸಿದೆ. "ರಾಶಿ ಆದ್ರ ಸೈ" ಎಂದು ಕುಂಕುಮ ಹಚ್ಚಿದಳು. ಆಮೇಲೆ ಹಿಂದಿನ ಸೀಟಿಗೆ ಬಗ್ಗಿ ನೋಡಿ, ಏನೂ ಹೇಳದೆ ಮುಂದಿನ ಬಾಗಿಲು ತೆಗೆದು ಕೂತಳು. ನಿಪ್ಪಾಣಿ ತನಕ ಹೆಂಡತಿ ಹಿಂದೆ, ಎರಡು ಚೀಲ ರೊಟ್ಟಿ ಮತ್ತು ಒಂದು ಡಬ್ಬಿ ಉಪ್ಪಿನಕಾಯಿಯ ನಡುವೆ. ಕನ್ನಡಿಯಲ್ಲಿ ನೋಡುವ ಧೈರ್ಯ ನನಗೆ ಬರಲಿಲ್ಲ.