ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡಾ, ಅಡಾಪಲೀನಾ?

ಎರಡೂ ಮೊಡವೆಗೆ ಹಚ್ಚುವ ಔಷಧಿಗಳೇ. ಯಾವುದು ಬೇಕೆಂದು ತಿಳಿಯಲು ಮೊದಲು ಕನ್ನಡಿ ಮುಂದೆ ನಿಂತು ನೋಡಿ. ಮೊಡವೆ ಕೆಂಪಗೆ ಊದಿ, ತುದಿಯಲ್ಲಿ ಕೀವು ಕಟ್ಟಿದೆಯಾ? ಹಾಗಾದರೆ ಬೆನ್ಜಾಯಿಲ್ ಪೆರಾಕ್ಸೈಡ್. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಂಟಿಬಯಾಟಿಕ್‌ಗೆ ಒಗ್ಗಿಕೊಳ್ಳುವ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಅದೇ ದೊಡ್ಡ ಲಾಭ. ಸುಮ್ನೆ 10% ಜೆಲ್ ತರಬೇಡಿ. 1986ರ ಅಧ್ಯಯನದಲ್ಲಿ 2.5% ಜೆಲ್ ಕೂಡ ಊದಿದ ಮೊಡವೆಗಳನ್ನು ಅಷ್ಟೇ ಇಳಿಸಿತ್ತು, ಉರಿಯೂ ಕಡಿಮೆ. ದಿಂಬಿಗೆ ಬಿಳಿ ಕವರ್ ಹಾಕಿ. ಬಣ್ಣದ ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ.

ಹಣೆ ತುಂಬ ಸಣ್ಣ ಗುಳ್ಳೆ, ಕಪ್ಪು ಚುಕ್ಕೆಗಳೇ ಜಾಸ್ತಿಯಾ? ನನ್ನ ಓಟು ಅಡಾಪಲೀನ್‌ಗೆ. ಕಟ್ಟಿಕೊಂಡ ರಂಧ್ರಗಳನ್ನು ಅದು ಬಿಡಿಸುತ್ತದೆ. ರಾತ್ರಿ ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ ಸಾಕು. ಮೊದಮೊದಲು ಸಿಪ್ಪೆ ಏಳುತ್ತದೆ, ಹೆದರಿ ಬಿಡಬೇಡಿ. ಫಲ ಕಾಣಲು 8ರಿಂದ 12 ವಾರ ಬೇಕು. ಗರ್ಭಿಣಿಯರಿಗೆ ಮಾತ್ರ ಇದು ಬೇಡ.

ಎರಡೂ ಥರದ ಮೊಡವೆ ಇದ್ದರೆ? ಎರಡೂ ಬೆರೆಸಿದ ಜೆಲ್ ಇದೆ, ಚರ್ಮದ ಡಾಕ್ಟರನ್ನು ಕೇಳಿ.