ಸ್ಟ್ಯಾಂಡಿನ ಪಾಸೋ, ದಿನದ ಚೀಟಿಯೋ: ಮಲೆನಾಡ ಪೇಟೆಗಳಲ್ಲಿ ಗಾಡಿ ನಿಲ್ಲಿಸುವ ಲೆಕ್ಕ

ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದಿನ ರಸ್ತೆಗೆ ವರ್ಷದ ಪರ್ಮಿಟ್ ಕೊಡುವ ಪ್ರಸ್ತಾಪವಿದೆ, ಸಣ್ಣ ಕಾರಿಗೆ 1,000 ರೂಪಾಯಿ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಪರ್ಮಿಟ್ ಅಂದರೆ ಬೇರೆಯೇ: ಬಸ್ ನಿಲ್ದಾಣದ ಅಥವಾ ರೈಲ್ವೆ ಸ್ಟೇಷನ್ನಿನ ಗುತ್ತಿಗೆ ಸ್ಟ್ಯಾಂಡಿನ ಮಾಸಿಕ ಪಾಸ್. ಈ ಪಾಸ್ ಒಳಗೆ ಬಿಡುತ್ತದೆ, ಜಾಗ ಕಾದಿರಿಸುವುದಿಲ್ಲ. ಸಂತೆ ದಿನ ಹತ್ತು ಗಂಟೆ ಮೇಲೆ ಹೋದರೆ ಪಾಸ್ ಇದ್ದವರೂ ಗೇಟಿನ ಹೊರಗೇ.

ದ್ವಿಚಕ್ರದವರಿಗೆ ಬಸ್ ನಿಲ್ದಾಣದ ಪಾಸ್ ಒಳ್ಳೆಯ ಆಯ್ಕೆ. ಆದರೆ ಕೊಳ್ಳುವ ಮುಂಚೆ ಒಂದು ಭಾಗಾಕಾರ ಮಾಡಿ. ಪಾಸಿನ ದರವನ್ನು ದಿನದ ದರದಿಂದ ಭಾಗಿಸಿದರೆ ಎಷ್ಟು ದಿನ ನಿಲ್ಲಿಸಿದರೆ ದುಡ್ಡು ಹುಟ್ಟುತ್ತದೆ ಅಂತ ಗೊತ್ತಾಗುತ್ತದೆ. ಉದಾಹರಣೆಗೆ ದಿನಕ್ಕೆ 15, ಪಾಸಿಗೆ 300 ಇದ್ದರೆ 20 ದಿನ. ಸರ್ಕಾರಿ ನೌಕರರಿಗೆ ಭಾನುವಾರದ ಜೊತೆ ಎರಡನೇ, ನಾಲ್ಕನೇ ಶನಿವಾರ ಕಳೆದರೆ ಉಳಿಯುವುದೇ 22–25 ದಿನ. ದಸರಾ ಬರುವ ತಿಂಗಳಲ್ಲಿ 20 ದಾಟುವುದೂ ಕಷ್ಟ. ಆ ತಿಂಗಳು ದಿನದ ಚೀಟಿಯೇ ಸಾಕು. ಅವಧಿಯನ್ನೂ ಕೇಳಿಕೊಳ್ಳಿ. ಕೆಲವು ಕಡೆ ಪಾಸ್ ಕೊಂಡ ದಿನದಿಂದ 30 ದಿನ, ಕೆಲವು ಕಡೆ ತಿಂಗಳ ಕೊನೆಗೇ ಮುಗಿಯುತ್ತದೆ. ಎರಡನೆಯದಾದರೆ 20ನೇ ತಾರೀಕಿಗೆ ಪಾಸ್ ಮಾಡಿಸುವುದು ದಂಡ.

ಗುತ್ತಿಗೆ ಬದಲಾವಣೆ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಸ್ಥಳೀಯ ಸಂಸ್ಥೆಗಳು ಹರಾಜಿನಲ್ಲಿ ಕೊಡುವ ಗುತ್ತಿಗೆ ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಫೆಬ್ರುವರಿಯಲ್ಲಿ ಮೂರು ತಿಂಗಳ ಪಾಸ್ ತೆಗೆದುಕೊಂಡರೆ ಏಪ್ರಿಲ್ ಒಂದಕ್ಕೆ ಬಂದ ಹೊಸ ಗುತ್ತಿಗೆದಾರ ಅದನ್ನು ಒಪ್ಪದೇ ಇರಬಹುದು. ಜನವರಿ ದಾಟಿದ ಮೇಲೆ ತಿಂಗಳ ಪಾಸನ್ನಷ್ಟೇ ಮಾಡಿಸಿ.

ರೈಲ್ವೆ ಸ್ಟ್ಯಾಂಡಿನಲ್ಲಿ ಗಂಟೆ ಲೆಕ್ಕ ಮುಖ್ಯ. ಶುಕ್ರವಾರ ರಾತ್ರಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಬೈಕ್ ಬಿಟ್ಟು ಬೆಂಗಳೂರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುವವರಿಗೆ 24 ಗಂಟೆಯ ಮೂರು ಪಾಳಿ ಬೀಳುತ್ತದೆ. ಮಾಸಿಕ ಪಾಸ್ ಇದ್ದರೂ ರಾತ್ರಿ ತಂಗುವುದು ಅದರಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ, ಪಾಸಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಪಾಳಿಯವನು ಬದಲಾದ ಕೂಡಲೇ ಹೋಗುತ್ತದೆ.

ಹ್ಯಾಂಡಲ್ ಲಾಕ್ ವಿಷಯದಲ್ಲಿ ಮಾತ್ರ ಸ್ಟ್ಯಾಂಡಿನವರ ಮಾತು ಕೇಳಬೇಡಿ. ಗಾಡಿ ಆಚೀಚೆ ಸರಿಸಲು ಅನುಕೂಲ ಎಂದು ಲಾಕ್ ಹಾಕಬೇಡಿ ಅನ್ನುತ್ತಾರೆ. ಕೀಲಿಯನ್ನೂ ಅವರ ಕೈಗೆ ಕೊಡಬೇಡಿ. ಕಳುವಾದರೆ ವಿಮೆ ಕಂಪನಿ ಎರಡೂ ಕೀಲಿ ಕೇಳುತ್ತದೆ, ಒಂದು ಕಡಿಮೆಯಾದರೂ ಕ್ಲೇಮಿಗೆ ತೊಡಕು. ಕೀಲಿ ಕೊಟ್ಟೇ ಬಿಡಬೇಕಾದ ಕಡೆ ಚೀಟಿಯಲ್ಲಿ 'ಕೀಲಿ ಪಡೆದಿದೆ' ಎಂದು ಬರೆಸಿ. ಚೀಟಿಯ ಹಿಂದೆ 'ಮಾಲೀಕರ ಜವಾಬ್ದಾರಿ' ಅಂತ ಅಚ್ಚಾಗಿದ್ದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹೋಟೆಲಿನವರು ಕೀಲಿ ಪಡೆದು ನಿಲ್ಲಿಸಿದ್ದ ಕಾರು ಕಳುವಾದ ಪ್ರಕರಣದಲ್ಲಿ, ಅಂಥ ಬರಹವಿದ್ದರೂ ಹೋಟೆಲೇ ಹೊಣೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಲ್ಮೆಟ್ ಮಾತ್ರ ಜೊತೆಗೇ ಒಯ್ಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾವಣಿ ಇರುವ ಸ್ಟ್ಯಾಂಡಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಯಲಿನ ಕೆಂಪು ಮಣ್ಣು ನೆನೆದು ಮೆತ್ತಗಾದಾಗ ಸೈಡ್ ಸ್ಟ್ಯಾಂಡ್ ಇಳಿದು ಒಂದು ಬೈಕ್ ಬಿದ್ದರೆ ಸಾಲೇ ಬೀಳುತ್ತದೆ. ಅಂಗೈ ಅಗಲದ ಹಲಗೆ ಚೂರು ಡಿಕ್ಕಿಯಲ್ಲಿಟ್ಟುಕೊಂಡು ಸ್ಟ್ಯಾಂಡಿನ ಕಾಲಡಿ ಕೊಡಿ. ಆದಷ್ಟೂ ಡಬಲ್ ಸ್ಟ್ಯಾಂಡ್ ಹಾಕಿ. ಕಾರನ್ನು ಮರದ ಕೆಳಗೆ ದಿನಗಟ್ಟಲೆ ನಿಲ್ಲಿಸಿದರೆ ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿ, ಮಳೆನೀರು ಹೋಗಲು ದಾರಿಯಿಲ್ಲದೆ ಒಳಗೆ ಕಾಲಡಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಕೈಹಾಕಿ ಎಲೆ ತೆಗೆಯಿರಿ. ಕಾಗದದ ಪಾಸಿಗೆ ಲ್ಯಾಮಿನೇಷನ್ ಬೇಕೇ ಬೇಕು, ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೊ.

ಶಿವಮೊಗ್ಗದ ಮಾತು ಬೇರೆ. ಗಾಂಧಿ ಬಜಾರಿನಲ್ಲಿ ಸಾಮಾನು ಕೊಳ್ಳುವವರು ಬಜಾರಿನೊಳಗೆ ಕಾರು ನುಗ್ಗಿಸದೆ ಬಹುಮಹಡಿ ಪಾರ್ಕಿಂಗಿನಲ್ಲೋ ಕಟ್ಟಡಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಗುರುತು ಮಾಡಿದ ಜಾಗದಲ್ಲೋ ಬಿಟ್ಟು ನಡೆಯುವುದು ಸಲೀಸು. ಅರ್ಧ ಗಂಟೆ ಸುತ್ತಿ ಸುಡುವ ಪೆಟ್ರೋಲು ಪಾರ್ಕಿಂಗ್ ಶುಲ್ಕಕ್ಕಿಂತ ದುಬಾರಿ. ವೃತ್ತಗಳ ಹತ್ತಿರ ಎಚ್ಚರ: 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಕೂಡುರಸ್ತೆಯ ಅಂಚಿನಿಂದ 50 ಮೀಟರ್‌ವರೆಗೆ ವಾಹನ ನಿಲ್ಲಿಸುವಂತಿಲ್ಲ. ಫಲಕ ಇಲ್ಲ ಅನ್ನುವ ವಾದ ಅಲ್ಲಿ ನಡೆಯದು. ಅಡಿಕೆ ವಹಿವಾಟಿನ ದಿನಗಳಲ್ಲಿ ಎಪಿಎಂಸಿ ಕಡೆ ಲಾರಿಗಳ ನಡುವೆ ಕಾರು ಸಿಕ್ಕಿಸಿದರೆ ಲೋಡು ಮುಗಿಯುವವರೆಗೆ ಹೊರಗೆ ಬರಲಾಗದು.

ಸಾಗರದವರಿಗೆ ಇನ್ನೊಂದು ಮಾತು: ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಪೇಟೆಯ ಸಂಚಾರವೇ ಬದಲಾಗುತ್ತದೆ. ಆ ತಿಂಗಳ ಪಾಸ್ ಕೊಳ್ಳುವ ಮುಂಚೆ ಸ್ಟ್ಯಾಂಡಿಗೆ ಹೋಗುವ ದಾರಿ ತೆರೆದಿರುತ್ತದೆಯೇ ಎಂದು ಸಂಚಾರ ಪೊಲೀಸರಲ್ಲಿ ಕೇಳಿಕೊಳ್ಳಿ.