ಮೂರು ವರ್ಷ ಡಾರ್ಕ್‌ಟೇಬಲ್ ಬಳಸಿದ ಮೇಲೆ: ಕಣ್ಣಿಗೆ ಕಂಡ ಹಕ್ಕಿ ಫೋಟೊದಲ್ಲೂ ಸಿಗುತ್ತಾ?

ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ ಫೋಟೊ ತೆಗೆದು, ಎಡಿಟ್ ಮಾಡಿ, ಮುಂದಿನ ಸಲ ಹೋದಾಗ ದೋಣಿ ನಡೆಸುವ ಅಣ್ಣನಿಗೆ ಮೊಬೈಲಲ್ಲಿ ತೋರಿಸಿದೆ. ಅವರು ಹುಟ್ಟು ಹಾಕೋದು ನಿಲ್ಲಿಸಿ ನೋಡಿದರು. "ಚೆನ್ನಾಗದೆ ಸಾ. ಆದ್ರೆ ಇದು ಯಾವೂರ ಹಕ್ಕಿ?" ಅಂದರು. ನೋಡಿದರೆ ಬಾಲದ ಹತ್ತಿರದ ತಿಳಿ ಗುಲಾಬಿ ಗರಿ ಜಾತ್ರೆಯ ಬೊಂಬಾಯಿ ಮಿಠಾಯಿ ಬಣ್ಣಕ್ಕೆ ತಿರುಗಿತ್ತು. ಕಾವೇರಿ ನೀರು ಈಜುಕೊಳದ ಹಾಗೆ ನೀಲಿ. ದಿನಾ ಆ ಹಕ್ಕಿಗಳ ನಡುವೆಯೇ ಇರುವವರಿಗೆ ಗುರುತು ಸಿಗಲಿಲ್ಲ ಅಂದರೆ ತಪ್ಪು ನನ್ನ ಎಡಿಟಿಂಗ್‌ನದೇ.

ಆಗ ನಾನು ತಿಂಗಳ ಬಾಡಿಗೆಯ ಒಂದು ಸಾಫ್ಟ್‌ವೇರ್‌ನಲ್ಲಿ ಯಾರೋ ಮಾಡಿಟ್ಟ ಪ್ರಿಸೆಟ್ ಒತ್ತುತ್ತಿದ್ದೆ. ಅದಾದ ಮೇಲೆ ಡಾರ್ಕ್‌ಟೇಬಲ್ ಅನ್ನೋ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಬಂದೆ. ಪೂರ್ತಿ ಉಚಿತ, ಓಪನ್ ಸೋರ್ಸ್, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತೆ. ಮೂಲ ಫೈಲನ್ನು ಮುಟ್ಟೋದಿಲ್ಲ, ನಾವು ಮಾಡಿದ ಬದಲಾವಣೆ ಎಲ್ಲಾ ಪಕ್ಕದಲ್ಲಿ ಒಂದು ಚಿಕ್ಕ ಎಕ್ಸ್‌ಎಂಪಿ ಫೈಲಿನಲ್ಲಿ ಕೂರುತ್ತೆ. ಹಾಗಾಗಿ ಮೂರು ವರ್ಷದ ಹಿಂದಿನ ಫೋಟೊವನ್ನೂ ಈಗ ಮೊದಲಿಂದ ಮಾಡಬಹುದು. ನಾನು ಮಾಡುತ್ತಲೇ ಇದ್ದೇನೆ.

ಮೊದಲ ದಿನ ರಾ ಫೈಲ್ (ಸೆನ್ಸರ್ ಹಿಡಿದದ್ದು ಹಾಗೇ ಇರುವ ಫೈಲು) ತೆರೆದಾಗ ಫೋಟೊ ಸಪ್ಪೆಯಾಗಿ ಕಾಣುತ್ತೆ. ಹೆದರಬೇಡಿ. ಕ್ಯಾಮೆರಾ ಪರದೆಯಲ್ಲಿ ನೋಡಿದ್ದು ಕ್ಯಾಮೆರಾ ತಾನೇ ಬಣ್ಣ ಕಟ್ಟಿದ ಜೆಪೆಗ್. ಅದರಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 14 ಬಿಟ್ ರಾ ಫೈಲಿನಲ್ಲಿ 16,384. ಬಿಳಿ ಗರಿಯೊಳಗಿನ ಸಣ್ಣ ಸಣ್ಣ ನೆರಳು ಉಳಿಯೋದು ಅಲ್ಲೇ.

ಬಿಳಿ ಹಕ್ಕಿ ತೆಗೆಯುವವರಿಗೆ ಒಂದು ಮಾತು. ಹಿಂದೆ ಕಪ್ಪು ನೆರಳಿನ ಮರ, ಮುಂದೆ ಬಿಳಿ ಹಕ್ಕಿ ಇದ್ದರೆ ಕ್ಯಾಮೆರಾ ಎಲ್ಲವನ್ನೂ ಸರಾಸರಿ ಬೂದು ಮಾಡೋಕೆ ಹೋಗಿ ಗರಿಯನ್ನು ವಿವರ ಉಳಿಯದಷ್ಟು ಬೆಳ್ಳಗೆ ಸುಟ್ಟುಬಿಡುತ್ತೆ. ಅದಕ್ಕೇ ನಾವು ಬೆಳಕು ಕಮ್ಮಿ ಮಾಡೋಕೆ ಕ್ಯಾಮೆರಾದಲ್ಲೇ ಎಕ್ಸ್‌ಪೋಶರ್ ಮೈನಸ್ ಒಂದು ಇಡುತ್ತೀವಿ, ಅಲ್ವಾ? ಡಾರ್ಕ್‌ಟೇಬಲ್‌ನ ಎಕ್ಸ್‌ಪೋಶರ್ ಮಾಡ್ಯೂಲ್ (ಬೆಳಕು ಹೊಂದಿಸುವ ಭಾಗ) ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಮೈನಸ್ ಒಂದನ್ನು ವಾಪಸ್ ಕೂಡಿಸುತ್ತೆ, ಮೇಲೆ ಇನ್ನಷ್ಟು ಬೆಳಕನ್ನೂ ಸೇರಿಸುತ್ತೆ. ಸಾಮಾನ್ಯ ಫೋಟೊಗೆ ಅದು ಸರಿ. ಕೊಕ್ಕರೆಗೆ ನಾನು ಹಾಗೆ ವಾಪಸ್ ಕೂಡಿಸುವ ಆಯ್ಕೆಯ ಟಿಕ್ ತೆಗೆದು, ಹೊಟ್ಟೆಯ ಗರಿ ಒಂದೊಂದಾಗಿ ಕಾಣುವವರೆಗೆ ಕೈಯಲ್ಲೇ ಇಳಿಸುತ್ತೇನೆ.

ಬಣ್ಣದ್ದು ಇದಕ್ಕಿಂತ ಕಷ್ಟ. ಎಲೆಗಳ ಕೆಳಗೆ ಕೂತ ಕೊಕ್ಕರೆಯ ಬಿಳಿ ಹೊಟ್ಟೆ ನಿಜವಾಗಿ ಬಿಳಿ ಇರಲ್ಲ. ಎಲೆಯ ಹಸಿರು ಅದರ ಮೇಲೆ ಬಿದ್ದಿರುತ್ತೆ. ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲಿನ ಪಿಕ್ಕರ್ (ಇದೇ ಬಿಳಿ ಅಂತ ತೋರಿಸಿಕೊಡುವ ಸಾಧನ) ತಗೊಂಡು ಆ ಗರಿ ಮೇಲೆ ಇಟ್ಟರೆ ಹೊಟ್ಟೆ ಒಗೆದ ಪಂಚೆ ಹಾಗೆ ಬೆಳ್ಳಗಾಗುತ್ತೆ, ಆದರೆ ಎದೆಯ ಪಟ್ಟಿಯಿಂದ ಗುಲಾಬಿವರೆಗೆ ಉಳಿದದ್ದೆಲ್ಲಾ ನೇರಳೆ ಕಡೆಗೆ ಜಾರುತ್ತೆ. ನನ್ನ ಆ ಮೊದಲ ಫೋಟೊ ಕೆಟ್ಟಿದ್ದರಲ್ಲಿ ಅರ್ಧ ಇದೇ. ಹಾಗಂತ ಹಸಿರನ್ನು ಪೂರ್ತಿ ಬಿಟ್ಟರೂ ತಪ್ಪೇ, ಯಾಕಂದರೆ ಕಣ್ಣೂ ಸುಮ್ನೆ ಇರಲ್ಲ, ನೆರಳಲ್ಲಿ ಸ್ವಲ್ಪ ಹೊತ್ತು ನೋಡಿದರೆ ಅದೇ ಬಣ್ಣವನ್ನು ಒಂದಿಷ್ಟು ಸರಿ ಮಾಡಿಕೊಂಡುಬಿಡುತ್ತೆ. ನಾನು ಪಿಕ್ಕರ್ ಹೇಳಿದ್ದಕ್ಕೂ ಕ್ಯಾಮೆರಾ ಹೇಳಿದ್ದಕ್ಕೂ ನಡುವೆ ನಿಲ್ಲಿಸುತ್ತೇನೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಯಾವ ಸಾಫ್ಟ್‌ವೇರೂ ಹೇಳಲ್ಲ.

ಅದಕ್ಕೆ ಜೇಬಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಹಾಳೆ ಮೇಲೆ ಹೀಗಿರುತ್ತೆ: "ಮೋಡ. ಗುಲಾಬಿ ತೀರಾ ತೆಳು, ಕಣಗಿಲೆ ಬಾಡಿದ ಹಾಗೆ. ನೀರು ಹಾಲು ಕಮ್ಮಿ ಹಾಕಿದ ಟೀ." ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಮತ್ತೆ ಶುರುವಾದಾಗ ಹೊಳೆ ಇನ್ನೂ ಕೆಂಪಗೇ ಇರುತ್ತೆ. ಮನೆಗೆ ಬಂದು ನಾಲ್ಕು ದಿನ ಆದ ಮೇಲೆ ಎಡಿಟ್ ಮಾಡೋಕೆ ಕೂತರೆ ತಲೆಯಲ್ಲಿ ನೀರು ಆಗಲೇ ನೀಲಿಯಾಗಿರುತ್ತೆ. ನೋಟ್‌ಬುಕ್ ನೋಡಿದರೆ ಕೈ ತಡೆಯುತ್ತೆ. ಸ್ನ್ಯಾಪ್‌ಶಾಟ್ ಅಂತ ಒಂದು ಸೌಲಭ್ಯ ಇದೆ, ಹಳೇ ಹಂತವನ್ನೂ ಈಗಿನದನ್ನೂ ಗೆರೆ ಎಳೆದು ಪಕ್ಕಪಕ್ಕ ತೋರಿಸುತ್ತೆ. ಎಷ್ಟು ದೂರ ಹೋಗಿದ್ದೀನಿ ಅಂತ ಅಲ್ಲಿ ಗೊತ್ತಾಗುತ್ತೆ.

ಸ್ಕ್ರೀನ್ ಸರಿಯಿಲ್ಲದಿದ್ದರೆ ಇಷ್ಟೆಲ್ಲಾ ಮಾಡಿದ್ದು ವ್ಯರ್ಥ. ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದರೆ ಪ್ರಿಂಟ್ ಮಂಕಾಗಿ ಬರುತ್ತೆ. ಸ್ಕ್ರೀನಿನ ಬಣ್ಣ ಅಳೆಯುವ ಕಲರಿಮೀಟರನ್ನು ಸ್ನೇಹಿತನಿಂದ ಎರವಲು ತಂದು ಒಮ್ಮೆ ಹೊಂದಿಸಿ, ಬ್ರೈಟ್‌ನೆಸ್ 120 ನಿಟ್ಸ್ ಹತ್ತಿರ ಇಟ್ಟ ಮೇಲೆ ಆ ತೊಂದರೆ ಹೋಯಿತು.

ಇನ್ನು ಅಳಿಸೋದು. ರಿಟಚ್ ಮಾಡ್ಯೂಲ್ ಇದೆ, ಚೆನ್ನಾಗೂ ಇದೆ. ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಬಿಟ್ಟು ಬೇರೇನಕ್ಕೂ ನಾನು ಬಳಸಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಮೇಲೆ ಹೆಜ್ಜಾರ್ಲೆ ಗೂಡು ಕಟ್ಟಿದ್ದ ಫೋಟೊ ನೋಡಿ ಗೆಳೆಯ, "ಗುರು, ಹಿಂದಿನ ಕರೆಂಟ್ ವೈರು, ಹೆಂಚು ಎಲ್ಲಾ ತೆಗೆದುಬಿಡು, ಕಾಡಿನ ಥರ ಕಾಣುತ್ತೆ" ಅಂದ. ಅದು ಕಾಡಲ್ಲ, ಊರು. ಜನ ತಮ್ಮ ಹಿತ್ತಲಲ್ಲೇ ಹಕ್ಕಿಗೆ ಜಾಗ ಬಿಟ್ಟ ಊರು. ಆ ಹೆಂಚು ಅಳಿಸಿದರೆ ಆ ಜನರನ್ನೂ ಅಳಿಸಿದ ಹಾಗೆ ಆಗುತ್ತೆ ಅಂತ ನನಗೆ ಅನ್ನಿಸುತ್ತೆ. ಸ್ಪರ್ಧೆಗೆ ಕಳಿಸುವವರಿಗೂ ಗೊತ್ತಿರಲಿ: ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಅನ್ನೋ ಮೂರು ದೊಡ್ಡ ಫೋಟೊಗ್ರಫಿ ಸಂಸ್ಥೆಗಳೂ ಒಪ್ಪಿದ ನೇಚರ್ ವಿಭಾಗದ ನಿಯಮದಲ್ಲಿ, ಕ್ರಾಪ್ ಮಾಡೋದು, ಧೂಳಿನ ಚುಕ್ಕೆಯಂಥದ್ದನ್ನು ತೆಗೆಯೋದು ಬಿಟ್ಟರೆ, ಚಿತ್ರಕ್ಕೆ ಏನನ್ನೂ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ.

ಕಲಿಯೋಕೆ ಸಮಯ ಬೇಕು. ಮಾಡ್ಯೂಲ್ ತುಂಬಾ ಇವೆ, ನನಗೆ ಮೂರ್ನಾಲ್ಕು ತಿಂಗಳು ಹಿಡಿಯಿತು, ಈಗ ಬಳಸೋದು ಏಳೆಂಟು ಮಾತ್ರ. ಫೋಟೊದ ನಾಯ್ಸ್ (ಕಾಳುಕಾಳಾಗಿ ಕಾಣುವ ಕಲೆ) ತೆಗೆಯುವ ಡಿನಾಯ್ಸ್ ಪ್ರೊಫೈಲ್ಡ್ ಬಹಳ ಇಷ್ಟ. ಕ್ಯಾಮೆರಾ ಮಾಡೆಲ್, ಐಎಸ್‌ಒ (ಕಮ್ಮಿ ಬೆಳಕಲ್ಲಿ ಏರಿಸುವ ಸೆಟ್ಟಿಂಗ್) ನೋಡಿ ಎಷ್ಟು ನಾಯ್ಸ್ ಇರುತ್ತೆ ಅಂತ ಲೆಕ್ಕ ಹಾಕುತ್ತೆ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಅಲ್ಲಿ ಸ್ವಲ್ಪ ಕಾಯಬೇಕು.

ಆ ದೋಣಿ ಅಣ್ಣನಿಗೆ ಹೋದ ವರ್ಷ ಇನ್ನೊಂದು ಫೋಟೊ ತೋರಿಸಿದೆ. ಅದೇ ಜಾತಿ ಹಕ್ಕಿ, ಫೋಟೊದಲ್ಲಿ ಆಕಾಶ ಎಲ್ಲೂ ಇಲ್ಲ. ಸ್ವಲ್ಪ ಹೊತ್ತು ನೋಡಿ, "ಆವತ್ತು ಮೋಡ ಮುಚ್ಕಂಡಿತ್ತಲ್ವಾ ಸಾ" ಅಂದರು. ನೋಟ್‌ಬುಕ್ ತೆಗೆದು ನೋಡಿದೆ. ಹೌದು.

ಕಬಿನಿಯ ಚಿರತೆ ಮಾತ್ರ ಇನ್ನೂ ಮುಗಿದಿಲ್ಲ. ದಮ್ಮನಕಟ್ಟೆ ಸಫಾರಿಯಲ್ಲಿ, ವಾಪಸ್ ಬರುವ ಹೊತ್ತಿಗೆ, ಐಎಸ್‌ಒ 6400ರಲ್ಲಿ ಸಿಕ್ಕಿದ್ದು. ಆ ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಕಮ್ಮಿ ಕಾಣುತ್ತೆ, ಕೆಂಪು ಮೊದಲು ಆರಿಹೋಗುತ್ತೆ. ಕ್ಯಾಮೆರಾಗೆ ಹಾಗಲ್ಲ, ಅದು ಹೊಂಬಣ್ಣದ ಚಿರತೆಯನ್ನೇ ಹಿಡಿದುಕೊಂಡು ಬಂದಿದೆ. ನನಗೆ ಕಂಡಿದ್ದು ಬೂದಿ ಬಣ್ಣದ ಮೈ, ಅದರ ಮೇಲೆ ಕಪ್ಪು ಚುಕ್ಕೆ, ಎರಡು ಕಣ್ಣು. ನಾಲ್ಕು ಸಲ ಮಾಡಿದ್ದೀನಿ. ನಾಲ್ಕನೆಯದರಲ್ಲಿ ಮೈ ಬಣ್ಣ ನನಗೆ ಕಂಡಿದ್ದಕ್ಕೆ ಹತ್ತಿರ ಹತ್ತಿರ ಬಂದಿದೆ, ಹುಲ್ಲು ಇನ್ನೂ ಜಾಸ್ತಿ ಹಸಿರಿದೆ.